ಒಂದೇ ಬಗೆಯ ಗಾಡಿ, ಎರಡು ಬಗೆಯ ವಿಮಾ ಕಂತು: ಏಕೆ?

ರಾಗಿ ಬೀಜೋಪಚಾರದ ಪ್ರಾತ್ಯಕ್ಷಿಕೆಗೆಂದು ಈಚೆಗೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋಗಿದ್ದೆ. ಕೆಲಸ ಮುಗಿದು ಹೊರಡುವ ಹೊತ್ತಿಗೆ ಹಿರಿಯ ರೈತರೊಬ್ಬರು ತಮ್ಮ ಭಾಮೈದನನ್ನು ಕರೆದುಕೊಂಡು ಬಂದರು. ಇಬ್ಬರ ಕೈಯಲ್ಲೂ ಒಂದೊಂದು ವಿಮಾ ಪತ್ರ. "ನೋಡಿ ಸಾರ್, ಇಬ್ಬರದೂ ಒಂದೇ ಕಂಪನಿಯ ಪಿಕಪ್ಪು. ನನ್ನದಕ್ಕೆ ತೆರಿಗೆ ಬಿಟ್ಟು ಹದಿಮೂರು ಸಾವಿರ ಚಿಲ್ಲರೆ. ಇವನದಕ್ಕೆ ಇಪ್ಪತ್ತೈದು ಸಾವಿರದ ಮೇಲೆ. ಏಜೆಂಟು ಏನೋ ಆಟ ಆಡಿದ್ದಾನೆ" ಎಂದರು. ಭಾಮೈದ, "ಭಾವ ಹೇಳಿದ ಕಡೆಯೇ ಮಾಡಿಸಿದೆ ಸಾರ್, ಆದರೂ ಹೀಗಾಗಿದೆ" ಎಂದು ಮುಖ ಸಪ್ಪಗೆ ಮಾಡಿದರು.

ಎರಡೂ ಪತ್ರಗಳನ್ನು ಅಲ್ಲೇ ಕುಳಿತು ಸಾಲು ಸಾಲಾಗಿ ಓದಿದೆವು. ಏಜೆಂಟು ಮೋಸ ಮಾಡಿರಲಿಲ್ಲ. ಎರಡು ಕಂತುಗಳ ನಡುವಿನ ವ್ಯತ್ಯಾಸಕ್ಕೆ ಪ್ರತಿ ಸಾಲಿನಲ್ಲೂ ಕಾರಣವಿತ್ತು. ಆ ಕಾರಣಗಳಲ್ಲಿ ಕೆಲವು ನ್ಯಾಯವಾದವು, ಒಂದೆರಡು ನನಗೆ ನ್ಯಾಯವೆಂದು ತೋರಲಿಲ್ಲ. ಇಂಥ ಪ್ರಶ್ನೆ ನಲ್ಲೂರಿನ ಇಬ್ಬರದೇ ಅಲ್ಲ. ಎತ್ತಿನ ಗಾಡಿ ಇದ್ದ ಮನೆಗಳ ಮುಂದೆ ಈಗ ಟ್ರ್ಯಾಕ್ಟರು, ಪಿಕಪ್ಪು, ಕಾರು, ಬೈಕುಗಳು ನಿಂತಿವೆ. ಬೀಜ, ಗೊಬ್ಬರ ಕೊಳ್ಳುವಾಗ ನಾಲ್ಕು ಅಂಗಡಿ ವಿಚಾರಿಸುವ ನಾವು, ವರ್ಷಕ್ಕೆ ಸಾವಿರಾರು ರೂಪಾಯಿ ಕಟ್ಟುವ ವಿಮಾ ಪತ್ರವನ್ನು ಒಮ್ಮೆಯೂ ಓದದೆ ಗಾಡಿಯ ಡಬ್ಬಿಗೆ ತುರುಕುತ್ತೇವೆ. ಆದ್ದರಿಂದ ಈ ವಾರ ಬೆಳೆಯ ಮಾತು ಬಿಟ್ಟು ಗಾಡಿಯ ಮಾತು ಬರೆಯುತ್ತಿದ್ದೇನೆ.

ಕಂತಿನ ಎರಡು ಭಾಗ

ಬೆಳೆ ವಿಮೆ ಮಾಡಿಸಿದವರಿಗೆ ಇದರ ತತ್ವ ಹೊಸದಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ರಾಗಿಗೆ ರೈತನ ಪಾಲು ವಿಮಾ ಮೊತ್ತದ ನೂರಕ್ಕೆ 2 ರೂಪಾಯಿ, ಹಿಂಗಾರಿನ ಧಾನ್ಯಕ್ಕೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5 ರೂಪಾಯಿಯವರೆಗೆ. ಹೊಲ ಒಂದೇ, ರೈತ ಒಬ್ಬನೇ, ಆದರೂ ಕಂತು ಬೇರೆ. ಯಾವ ವರ್ಗಕ್ಕೆ ಸೇರಿದೆ ಎಂಬುದರ ಮೇಲೆ ದರ ನಿಲ್ಲುತ್ತದೆ. ಗಾಡಿಯ ವಿಷಯವೂ ಹೀಗೆಯೇ. ಎರಡು ಗಾಡಿಗಳು ನೋಡಲು ಒಂದೇ ಆಗಿದ್ದರೂ ವಿಮೆಯ ಲೆಕ್ಕದಲ್ಲಿ ಬೇರೆ ಬೇರೆ ವರ್ಗಕ್ಕೆ ಸೇರಿರಬಹುದು.

ವಾಹನದ ವಿಮಾ ಕಂತಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲನೆಯದು ಎಲ್ಲರೂ ಥರ್ಡ್ ಪಾರ್ಟಿ ಎಂದು ಕರೆಯುವ ಭಾಗ. ನಮ್ಮ ಗಾಡಿಯಿಂದ ಬೇರೊಬ್ಬರಿಗೆ ಸಾವು ನೋವು ಅಥವಾ ಆಸ್ತಿ ನಷ್ಟವಾದರೆ ಕೊಡಬೇಕಾದ ಪರಿಹಾರದ ಹೊಣೆ ಇದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇದು ಕಡ್ಡಾಯ. ಇಲ್ಲದೆ ರಸ್ತೆಗಿಳಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡವಿದೆ. ಜೈಲು ಶಿಕ್ಷೆಗೂ ಅವಕಾಶವಿದೆ. ಎರಡನೆಯದು ಸ್ವಂತ ಹಾನಿಯ ಭಾಗ. ನಮ್ಮ ಗಾಡಿಯೇ ಜಖಂ ಆದರೆ, ಸುಟ್ಟರೆ, ಕಳುವಾದರೆ ನಮಗೆ ಸಿಗುವ ಹಣಕ್ಕೆ ಕಟ್ಟುವ ಕಂತು. ಇದು ಕಡ್ಡಾಯವಲ್ಲ.

ಮೊದಲ ಭಾಗದ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. ಅದು ಎಲ್ಲ ಕಂಪನಿಗಳಲ್ಲೂ ಒಂದೇ. ಎರಡನೆಯ ಭಾಗದ ದರ ಹಿಂದೆ ಎಲ್ಲ ಕಡೆ ಒಂದೇ ಇತ್ತು. 2007ರ ಜನವರಿ 1ರಿಂದ ಕಂಪನಿಗಳಿಗೆ ಬಿಡಲಾಯಿತು. ಕಂಪನಿಯಿಂದ ಕಂಪನಿಗೆ ಚೌಕಾಸಿ ಮಾಡಬಹುದಾದರೆ ಈ ಎರಡನೆಯ ಭಾಗದಲ್ಲಿ ಮಾತ್ರ ಎಂಬುದನ್ನು ರೈತರು ನೆನಪಿಡಬೇಕು.

ಸರ್ಕಾರ ಎಳೆದ ಗೆರೆಗಳು

ಥರ್ಡ್ ಪಾರ್ಟಿ ದರಕ್ಕೆ ಸರ್ಕಾರ ಕೆಲವು ಗೆರೆಗಳನ್ನು ಎಳೆದಿದೆ. ಕಾರು, ಬೈಕುಗಳಿಗೆ ಎಂಜಿನ್ನಿನ ಸಿ.ಸಿ. ಗೆರೆ. ಸರಕು ವಾಹನಕ್ಕೆ ಸರಕು ಸೇರಿದ ಒಟ್ಟು ತೂಕದ ಗೆರೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯನ್ನೇ ತೆಗೆದುಕೊಳ್ಳೋಣ. 1,000 ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ. ಅದನ್ನು ಮೀರಿ 1,500 ಸಿ.ಸಿ.ಯವರೆಗೆ 3,416 ರೂಪಾಯಿ. ಅದಕ್ಕೂ ಮೇಲ್ಪಟ್ಟರೆ 7,897 ರೂಪಾಯಿ.

ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾರುತಿ ವ್ಯಾಗನ್ ಆರ್ ಕಾರನ್ನೇ ನೋಡಿ. ಅದು 998 ಸಿ.ಸಿ. ಎಂಜಿನ್ನಿನಲ್ಲೂ ಬರುತ್ತದೆ, 1,197 ಸಿ.ಸಿ. ಎಂಜಿನ್ನಿನಲ್ಲೂ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಆದರೆ ಗೆರೆ ನಡುವೆ ಹಾದುಹೋಗಿರುವುದರಿಂದ ವರ್ಷಕ್ಕೆ 1,322 ರೂಪಾಯಿ ವ್ಯತ್ಯಾಸ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಂತನ್ನು ಒಟ್ಟಿಗೆ ಕಟ್ಟಬೇಕು. ಹಾಗಾಗಿ ಹೊಸ ಕಾರು ಕೊಂಡ ದಿನ ಒಬ್ಬರಿಗೆ 6,521 ರೂಪಾಯಿ, ಇನ್ನೊಬ್ಬರಿಗೆ 10,640 ರೂಪಾಯಿ. ಹುಡುಗರು ಆಸೆಪಡುವ ಬುಲೆಟ್ 350 ಬೈಕಿನ ಎಂಜಿನ್ 349 ಸಿ.ಸಿ. ಅದು 1,366 ರೂಪಾಯಿಯ ವರ್ಗದಲ್ಲಿ ನಿಲ್ಲುತ್ತದೆ. 350 ಸಿ.ಸಿ. ದಾಟಿದ ಬೈಕಿಗೆ 2,804 ರೂಪಾಯಿ. ದಿನವೂ ಹಾಲಿನ ಡೇರಿಗೆ ಹೋಗುವ ನೂರು ಸಿ.ಸಿ. ಬೈಕಿಗೆ 714 ರೂಪಾಯಿ ಮಾತ್ರ.

ಸರಕು ವಾಹನದಲ್ಲಿ ತೂಕದ ಜೊತೆಗೆ ಉಪಯೋಗದ ಗೆರೆಯೂ ಇದೆ. ಒಟ್ಟು ತೂಕ 7,500 ಕಿಲೋ ಮೀರದ, ಬಾಡಿಗೆಗೆ ಸರಕು ಸಾಗಿಸುವ ನಾಲ್ಕು ಚಕ್ರದ ಗಾಡಿಗೆ 16,049 ರೂಪಾಯಿ. ತನ್ನ ಸ್ವಂತ ಸರಕನ್ನು ಮಾತ್ರ ಸಾಗಿಸುವ ಗಾಡಿಗೆ ಅದರ ಅರ್ಧದ ಆಸುಪಾಸು. ಗಾಡಿ ಅದೇ, ರಸ್ತೆ ಅದೇ. ಆದರೆ ಬಾಡಿಗೆ ಗಾಡಿ ಹಗಲು ರಾತ್ರಿ ಓಡುತ್ತದೆ, ಅಪಘಾತದ ಸಂಭವ ಹೆಚ್ಚು ಎಂಬುದು ಇದರ ಹಿಂದಿನ ಲೆಕ್ಕ.

ಕಂಪನಿ ಹಾಕುವ ಲೆಕ್ಕ

ಸ್ವಂತ ಹಾನಿಯ ಭಾಗಕ್ಕೆ ಆಧಾರ, ಪತ್ರದಲ್ಲಿ ಐ.ಡಿ.ವಿ. ಎಂದು ಬರೆದಿರುವ ಮೊತ್ತ. ಗಾಡಿ ಕಳುವಾದರೆ ಅಥವಾ ರಿಪೇರಿಗೆ ಬಾರದಷ್ಟು ಹಾಳಾದರೆ ಕಂಪನಿ ಕೊಡುವ ಬೆಲೆಗೆ ಇದೇ ಆಧಾರ. ತಯಾರಕರ ಮಾರಾಟ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇದನ್ನು ಗೊತ್ತು ಮಾಡುತ್ತಾರೆ. ಒಂದು ವರ್ಷ ದಾಟಿದ ಗಾಡಿಗೆ ನೂರಕ್ಕೆ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50 ಕಳೆಯುತ್ತಾರೆ.

ಒಂದೇ ಬೆಲೆಯ, ಒಂದೇ ಅಶ್ವಶಕ್ತಿಯ ಎರಡು ಕಂಪನಿಗಳ ಗಾಡಿಗೂ ಈ ಭಾಗದಲ್ಲಿ ದರ ಬೇರೆಯಾಗಬಹುದು. ಒಂದರ ಬಿಡಿಭಾಗ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ಇನ್ನೊಂದರದು ದೂರದಿಂದ ಬರಬೇಕು. ಒಂದರ ಮುಂದಿನ ಬಂಪರು ಒಡೆದರೆ ಅಗ್ಗಕ್ಕೆ ಬದಲಾಗುತ್ತದೆ, ಇನ್ನೊಂದರಲ್ಲಿ ದೀಪ, ಕ್ಯಾಮೆರಾ ಸಮೇತ ಬದಲಿಸಬೇಕು. ಒಂದು ಮಾದರಿ ಹೆಚ್ಚು ಕಳುವಾಗುತ್ತದೆ. ಆ ಮಾದರಿಯ ಗಾಡಿಗಳಿಂದ ಹಿಂದೆ ಎಷ್ಟು ಕ್ಲೇಮು ಬಂದಿದೆ ಎಂಬ ಲೆಕ್ಕವೂ ಕಂಪನಿಯ ಬಳಿ ಇರುತ್ತದೆ. ಗಾಡಿ ಕೊಳ್ಳುವ ಮುಂಚೆ ಬೆಲೆಯ ಜೊತೆಗೆ ವಿಮಾ ಕಂತನ್ನೂ ಕೇಳಿ ಎಂದು ನಾನು ಹೇಳುವುದು ಇದಕ್ಕಾಗಿ. ಕಂತು ಜಾಸ್ತಿ ಇರುವ ಮಾದರಿಗೆ ಮುಂದೆ ರಿಪೇರಿಯೂ ದುಬಾರಿಯಾಗುವ ಸಂಭವವಿದೆ.

ನೋಂದಣಿಯ ಊರಿನಿಂದ ದರ ಬದಲಾಗುತ್ತದೆ ಎಂಬ ಮಾತೂ ಇದೆ. ಅದು ಸುಳ್ಳಲ್ಲ, ಆದರೆ ಅದರ ಪಾಲು ಸಣ್ಣದು. 2002ರ ಹಳೆಯ ದರಪಟ್ಟಿಯಲ್ಲಿ ಬೆಂಗಳೂರು ಸೇರಿದಂತೆ ಎಂಟು ಮಹಾನಗರಗಳ ಕಾರುಗಳು ಒಂದು ವಲಯ, ಉಳಿದ ದೇಶವೆಲ್ಲ ಇನ್ನೊಂದು ವಲಯ. ಐದು ವರ್ಷದೊಳಗಿನ ಸಣ್ಣ ಕಾರಿಗೆ ಮೊದಲ ವಲಯದಲ್ಲಿ ನೂರಕ್ಕೆ 3.127, ಎರಡನೆಯದರಲ್ಲಿ 3.039 ಇತ್ತು. ಐದು ಲಕ್ಷದ ಕಾರಿಗೆ ಲೆಕ್ಕ ಹಾಕಿದರೆ ವ್ಯತ್ಯಾಸ 440 ರೂಪಾಯಿ. ಈಗ ದರ ಕಂಪನಿಗಳ ಕೈಯಲ್ಲಿದ್ದರೂ ನೋಂದಣಿಯ ಸ್ಥಳವನ್ನು ಅವು ನೋಡುತ್ತವೆ.

ಕೊನೆಯದಾಗಿ ಮಾಲೀಕನ ನಡತೆ. ಒಂದು ವರ್ಷ ಕ್ಲೇಮು ಮಾಡದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 20 ರಿಯಾಯಿತಿ. ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಇದಕ್ಕೆ ನೋ ಕ್ಲೇಮ್ ಬೋನಸ್ ಎಂದು ಹೆಸರು. ಇದು ಗಾಡಿಯದಲ್ಲ, ಮಾಲೀಕನದು. ಹಳೆಯ ಗಾಡಿ ಮಾರಿ ಹೊಸದು ಕೊಂಡಾಗ ಪತ್ರ ಪಡೆದು ಹೊಸ ಗಾಡಿಗೆ ವರ್ಗಾಯಿಸಿಕೊಳ್ಳಬಹುದು. ಆದರೆ ಕ್ಲೇಮು ಮಾಡಿದ್ದರೂ ಮಾಡಿಲ್ಲವೆಂದು ಬರೆಸಿ ರಿಯಾಯಿತಿ ಪಡೆದರೆ, ಮುಂದೆ ಗಾಡಿ ಜಖಂ ಆದಾಗ ಅದೇ ನಮ್ಮ ಕುತ್ತಿಗೆಗೆ ಬರುತ್ತದೆ.

ನಲ್ಲೂರಿನ ಎರಡು ಪತ್ರಗಳು

ಈಗ ಭಾವ-ಭಾಮೈದರ ಲೆಕ್ಕಕ್ಕೆ ಬರೋಣ. ಇಬ್ಬರ ಪಿಕಪ್ಪಿನ ಮೂಲ ಬೆಲೆಯನ್ನೂ ಸುಮಾರು ಎಂಟು ಲಕ್ಷವೆಂದು, ಸ್ವಂತ ಹಾನಿಯ ದರವನ್ನು ನೂರಕ್ಕೆ ಒಂದೂವರೆ ಎಂದು ಇಟ್ಟುಕೊಳ್ಳಿ. ಭಾವನ ಗಾಡಿಗೆ ಮೂರು ವರ್ಷ ದಾಟಿದೆ. ಐ.ಡಿ.ವಿ. 4,80,000. ಕಂತು 7,200. ಮೂರು ವರ್ಷ ಕ್ಲೇಮು ಇಲ್ಲದ್ದರಿಂದ ನೂರಕ್ಕೆ 35 ಕಳೆದು 4,680 ರೂಪಾಯಿ. ಭಾಮೈದನ ಗಾಡಿಗೆ ಒಂದು ವರ್ಷ ದಾಟಿದೆ. ಐ.ಡಿ.ವಿ. 6,40,000. ಕಂತು 9,600. ಕಳೆದ ವರ್ಷ ಬಾಗಿಲು ನುಗ್ಗಾಗಿ ಕ್ಲೇಮು ಮಾಡಿದ್ದರಿಂದ ರಿಯಾಯಿತಿ ಇಲ್ಲ. ಇಲ್ಲಿಗೆ ವ್ಯತ್ಯಾಸ ಐದು ಸಾವಿರದೊಳಗೆ.

ದೊಡ್ಡ ವ್ಯತ್ಯಾಸ ಥರ್ಡ್ ಪಾರ್ಟಿಯ ಸಾಲಿನಲ್ಲಿತ್ತು. ಭಾವ ಸ್ವಂತ ಸರಕಿನ ಗಾಡಿ ಎಂದು ಬರೆಸಿದ್ದರು. ಅವರದು ಎಂಟೂವರೆ ಸಾವಿರದ ಆಸುಪಾಸು. ಭಾಮೈದನದು ಬಾಡಿಗೆ ಗಾಡಿ, 16,049. ಒಟ್ಟು ಸೇರಿಸಿದರೆ ಹದಿಮೂರು ಸಾವಿರ ಚಿಲ್ಲರೆ ಒಂದು ಕಡೆ, ಇಪ್ಪತ್ತೈದು ಸಾವಿರದ ಆರುನೂರು ಇನ್ನೊಂದು ಕಡೆ.

ಭಾಮೈದನಿಗೆ ನಾನು ಕೇಳಿದೆ: "ನೀವು ಬಾಡಿಗೆಗೆ ಓಡಿಸುತ್ತೀರಾ?" ಅವರು, "ಇಲ್ಲ ಸಾರ್, ನಮ್ಮ ಹೂವು, ತರಕಾರಿ ಅಷ್ಟೇ. ಷೋರೂಮಿನವರು ಹಾಗೆ ಬರೆದುಕೊಂಡರು" ಎಂದರು. ಭಾವನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದೆ. ಅವರು ಸ್ವಲ್ಪ ತಡೆದು, "ದ್ರಾಕ್ಷಿ ಕಾಲದಲ್ಲಿ ಅಕ್ಕಪಕ್ಕದವರ ಕ್ರೇಟು ಹಾಕಿಕೊಂಡು ಹೋಗ್ತೀನಿ, ಡೀಸೆಲ್ಲು ಮೇಲೆ ಏನೋ ಕೊಡ್ತಾರೆ" ಎಂದರು. ಹೆಚ್ಚು ಕಟ್ಟಿದವರು ಕಡಿಮೆ ಕಟ್ಟಬಹುದಾಗಿತ್ತು. ಕಡಿಮೆ ಕಟ್ಟಿ ಸಂತೋಷಪಟ್ಟವರು ನಿಜವಾಗಿ ಅಪಾಯದಲ್ಲಿದ್ದರು. ಮೋಸ ಎಲ್ಲೂ ಇರಲಿಲ್ಲ. ಪತ್ರದಲ್ಲಿ ಬರೆದ ಉಪಯೋಗ ಒಂದು, ಮಾಡುವ ಉಪಯೋಗ ಇನ್ನೊಂದು ಆಗಿತ್ತು.

ಟ್ರ್ಯಾಕ್ಟರಿನ ಪಾಠ

ಈ ಮಾತು ಟ್ರ್ಯಾಕ್ಟರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕೃಷಿ ಟ್ರ್ಯಾಕ್ಟರು ಸಾರಿಗೆ ವಾಹನವಲ್ಲ. ಅದಕ್ಕೆ ತಕ್ಕಂತೆ ವಿಮೆಯೂ ಬೇಸಾಯದ ಉಪಯೋಗಕ್ಕೆಂದೇ ಇರುತ್ತದೆ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಬೇಸಾಯ ಮುಗಿದ ಮೇಲೆ ಅದೇ ಟ್ರ್ಯಾಕ್ಟರು ಬಡಾವಣೆಗಳಿಗೆ ಮಣ್ಣು, ಇಟ್ಟಿಗೆ, ಜಲ್ಲಿ ಹೊಡೆಯುತ್ತದೆ. ಕೂಲಿಯವರನ್ನು ಟ್ರೇಲರಿನಲ್ಲಿ ತುಂಬಿಕೊಂಡು ಹೋಗುತ್ತದೆ. ಮದುವೆ, ಜಾತ್ರೆಗೂ ಹೋಗುತ್ತದೆ.

ಇಂಥದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಓರಿಯಂಟಲ್ ಇನ್ಶೂರೆನ್ಸ್ ಮತ್ತು ಬ್ರಿಜ್ ಮೋಹನ್ ನಡುವಿನ 2007ರ ತೀರ್ಪು ಅದು. ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸುವ ಟ್ರೇಲರಿನಲ್ಲಿ ಹೋಗುತ್ತಿದ್ದ ಕೂಲಿಕಾರನೊಬ್ಬ ಗಾಯಗೊಂಡಿದ್ದ. ಟ್ರ್ಯಾಕ್ಟರಿಗೆ ವಿಮೆ ಇತ್ತು, ಆದರೆ ಬೇಸಾಯಕ್ಕೆ ಮಾತ್ರ. ವಿಮಾ ಕಂಪನಿಗೆ ಹೊಣೆಯಿಲ್ಲ ಎಂದು ನ್ಯಾಯಾಲಯ ಹೇಳಿತು. ಗಾಯಾಳುವಿನ ಕಷ್ಟ ನೋಡಿ, ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಟ್ರ್ಯಾಕ್ಟರಿನ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು. ಅಂದರೆ ಕೊನೆಗೆ ಹೊರೆ ಬಿದ್ದದ್ದು ಮಾಲೀಕನ ಮೇಲೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅದಕ್ಕೂ ಮೊದಲೇ ಹೇಳಿತ್ತು. ಒಂದು ಜೀವಕ್ಕೆ ಪರಿಹಾರವೆಂದರೆ ಲಕ್ಷಗಳ ಮಾತು. ಅಷ್ಟು ಹಣ ನಮ್ಮ ಎಷ್ಟು ಮಂದಿ ರೈತರ ಬಳಿ ಇದೆ? ಜಮೀನು ಮಾರಬೇಕಾಗುತ್ತದೆ. ಕಂತಿನಲ್ಲಿ ಉಳಿಸಿದ ಕೆಲವು ಸಾವಿರಕ್ಕೆ ಎಕರೆಗಟ್ಟಲೆ ಭೂಮಿ ಬೆಲೆ ಕಟ್ಟಿದಂತೆ.

ಟ್ರೇಲರಿಗೂ ಬೇರೆ ನೋಂದಣಿ ಸಂಖ್ಯೆ ಇದೆ ಎಂಬುದನ್ನು ಮರೆಯಬಾರದು. ಅದರ ಸಂಖ್ಯೆಯೂ ವಿಮಾ ಪತ್ರದಲ್ಲಿ ಬರೆದಿರಬೇಕು, ಅದಕ್ಕೆ ಕಂತೂ ಕಟ್ಟಿರಬೇಕು. ಇಲ್ಲದಿದ್ದರೆ ಕಂಪನಿಗೆ ತಕರಾರು ಎತ್ತಲು ದಾರಿಯಾಗುತ್ತದೆ.

ಸರ್ಕಾರಕ್ಕೂ ಕಂಪನಿಗಳಿಗೂ ಒಂದು ಮಾತು

ರೈತರು ನಿಜ ಹೇಳಬೇಕು ಎಂದು ಹೇಳಿದ ಮೇಲೆ, ದರ ನಿಗದಿ ಮಾಡುವವರಿಗೂ ಒಂದು ಮಾತು ಹೇಳಬೇಕು. ಬೈಕುಗಳಿಗೆ ಸಿ.ಸಿ. ಪ್ರಕಾರ ನಾಲ್ಕು ವರ್ಗ, ಕಾರುಗಳಿಗೆ ಮೂರು ವರ್ಗ ಮಾಡಿದ ಸರ್ಕಾರ, ಸಣ್ಣ ಸರಕು ವಾಹನಗಳಿಗೆ ಮಾತ್ರ 7,500 ಕಿಲೋವರೆಗೆ ಒಂದೇ ಗೆರೆ ಎಳೆದಿದೆ. ಎರಡು ಟನ್ನು ಮೀರದ ಟಾಟಾ ಏಸ್‌ಗೂ ಏಳು ಟನ್ನಿನ ಲಾರಿಗೂ ಒಂದೇ ಕಂತು. ಪಕ್ಕದಲ್ಲೇ ಹೋಗುವ ಮೂರು ಚಕ್ರದ ಸರಕು ಆಟೋಗಿಂತ ಏಸ್ ಮೂರು ಪಟ್ಟಿಗೂ ಹೆಚ್ಚು ಕಟ್ಟುತ್ತದೆ. ಟ್ರ್ಯಾಕ್ಟರಿನಲ್ಲೂ ಇದೇ ಕಥೆ. 6 ಅಶ್ವಶಕ್ತಿಯವರೆಗೆ 910 ರೂಪಾಯಿ. ಅದನ್ನು ದಾಟಿದರೆ 7,267. ದ್ರಾಕ್ಷಿ ಸಾಲುಗಳ ನಡುವೆ ಓಡಾಡುವ 20 ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರಿಗೂ, ಹೆದ್ದಾರಿಯಲ್ಲಿ ಎರಡು ಟ್ರೇಲರ್ ಎಳೆಯುವ ದೊಡ್ಡದಕ್ಕೂ ಭೇದವಿಲ್ಲ.

ಸರಕು ವಾಹನಗಳಿಂದ ಕ್ಲೇಮು ಹೆಚ್ಚು, ಆದ್ದರಿಂದ ದರ ಹೆಚ್ಚು ಎಂಬ ಕಂಪನಿಗಳ ಮಾತಿನಲ್ಲಿ ಸತ್ಯವಿರಬಹುದು. ಬೆಂಗಳೂರಿನ ಸುತ್ತಮುತ್ತಲ ಹೆದ್ದಾರಿಗಳನ್ನು ದಿನವೂ ನೋಡುವ ನಮಗೆ ಅದು ಗೊತ್ತು. ಆದರೆ ವಾರಕ್ಕೆ ಮೂರು ದಿನ ಮಂಡಿಗೆ ಹೋಗಿ ಬರುವ ಸಣ್ಣ ಗಾಡಿಯನ್ನು, ದಿನಕ್ಕೆ ನೂರಾರು ಕಿಲೋಮೀಟರ್ ಓಡುವ ಲಾರಿಯ ಸಾಲಿಗೆ ಸೇರಿಸುವುದು ಅಪಾಯದ ಲೆಕ್ಕಕ್ಕೆ ಒಪ್ಪುವುದಿಲ್ಲ. 3,500 ಕಿಲೋದ ಬಳಿ ಇನ್ನೊಂದು ಗೆರೆ ಎಳೆಯುವುದು ಕಷ್ಟದ ಕೆಲಸವಲ್ಲ. ದರ ನ್ಯಾಯವಾಗಿದ್ದರೆ ಸುಳ್ಳು ಉಪಯೋಗ ಬರೆಸುವ ಆಸೆಯೂ ಕಡಿಮೆಯಾಗುತ್ತದೆ.

ಎರಡನೆಯದು ಭಾಷೆಯ ವಿಷಯ. ನಲ್ಲೂರಿನ ಎರಡೂ ಪತ್ರಗಳು ಇಂಗ್ಲಿಷಿನಲ್ಲಿದ್ದವು. ಯಾವ ಉಪಯೋಗಕ್ಕೆ ರಕ್ಷಣೆ ಇದೆ, ಯಾವುದಕ್ಕಿಲ್ಲ ಎಂಬ ಒಂದು ಪುಟವನ್ನಾದರೂ ಕನ್ನಡದಲ್ಲಿ ಕೊಡಬೇಕು. ಓದಲು ಬಾರದ ಷರತ್ತಿಗೆ ರೈತನನ್ನು ಕಟ್ಟಿಹಾಕುವುದು ಸರಿಯಲ್ಲ.

ರೈತರು ಮಾಡಬೇಕಾದ್ದು

ಮೊದಲು ಗಾಡಿಯ ನಿಜವಾದ ಉಪಯೋಗವನ್ನು ಬರೆಸಿರಿ. ಸ್ವಂತ ಸರಕಿಗೆ ಮಾತ್ರ ಎಂದಾದರೆ ಆ ವರ್ಗದ ದರವನ್ನು ಬಾಯಿಬಿಟ್ಟು ಕೇಳಿರಿ. ಬಾಡಿಗೆಗೂ ಓಡಿಸುವುದಿದ್ದರೆ ಹೆಚ್ಚಿನ ಕಂತು ಕಟ್ಟಿರಿ. ಚಾಲಕ, ಹಮಾಲಿಗಳಿಗೆ ಬೇರೆ ರಕ್ಷಣೆ ಸಣ್ಣ ಕಂತಿಗೆ ಸಿಗುತ್ತದೆ, ಅದನ್ನೂ ಸೇರಿಸಿರಿ.

ಕಂತು ಕಡಿಮೆ ಮಾಡುತ್ತೇನೆಂದು ಐ.ಡಿ.ವಿ. ಇಳಿಸಿದರೆ ಒಪ್ಪಬೇಡಿ. ಗಾಡಿ ಕಳುವಾದ ದಿನ ಅದರ ನಷ್ಟ ನಿಮ್ಮದು. ಸಾಮಾನ್ಯ ಪಾಲಿಸಿಯಲ್ಲಿ ಟೈರು, ಬ್ಯಾಟರಿ, ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ ಎಂಬುದು ಗೊತ್ತಿರಲಿ.

ಮಾಲೀಕ-ಚಾಲಕನ ಅಪಘಾತ ವಿಮೆ 15 ಲಕ್ಷ ರೂಪಾಯಿಯದು. ಅದು ಸಿಗಲು ಮಾಲೀಕನಿಗೆ ಚಾಲನಾ ಪರವಾನಗಿ ಇರಬೇಕು. ಪರವಾನಗಿ ಇಲ್ಲದ ತಂದೆಯ ಹೆಸರಿನಲ್ಲಿ ಗಾಡಿ ಇಟ್ಟು ಮಗ ಓಡಿಸುವ ಮನೆಗಳು ಇದನ್ನು ಯೋಚಿಸಬೇಕು.

ಹಳೆಯ ಗಾಡಿ ಕೊಂಡವರು 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕನ ಬೋನಸ್ ಕೊಂಡವನಿಗೆ ಬರುವುದಿಲ್ಲ. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ನಲ್ಲೂರಿನ ಭಾವ-ಭಾಮೈದ ಇಬ್ಬರೂ ತಮ್ಮ ಪತ್ರಗಳನ್ನು ಮಡಿಸಿಕೊಂಡು ಹೊರಟರು. ಒಬ್ಬರು ಕಂತು ಇಳಿಸಿಕೊಳ್ಳಲು, ಇನ್ನೊಬ್ಬರು ಏರಿಸಿಕೊಳ್ಳಲು. ಇದನ್ನು ಓದುತ್ತಿರುವ ರೈತ ಬಾಂಧವರೂ ಇಂದು ಸಂಜೆ ಮನೆಗೆ ಹೋಗಿ ತಮ್ಮ ಗಾಡಿಯ ವಿಮಾ ಪತ್ರ ತೆಗೆದು, ಅದರಲ್ಲಿ ಉಪಯೋಗ ಏನೆಂದು ಬರೆದಿದೆ ಎಂದು ನೋಡಲಿ. ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಲಿ. ನೆರೆಯವನ ಕಂತಿನೊಡನೆ ಹೋಲಿಸುವುದು ಆಮೇಲಿನ ಮಾತು.